ನನ್ನ ತಲೆಯ ಮೇಲಿನ ಆಣೆ

ಯಾರಾದರೂ ನನ್ನ ತಲೆಯ ಮೇಲೆ ಕೈ ಇಟ್ಟರೆ ನನಗೆ ಆಗುವುದಿಲ್ಲ. ಮದುವೆ ಮನೆಗಳಲ್ಲಿ ಹಿರಿಯರು ಆಶೀರ್ವಾದಕ್ಕೆ ಕೈ ಎತ್ತಿದರೆ ಸೀರೆಯ ನೆರಿಗೆ ಸರಿ ಮಾಡುವ ನೆಪದಲ್ಲಿ ಮೆಲ್ಲನೆ ಹಿಂದೆ ಸರಿಯುತ್ತೇನೆ. ಈಗ ನನಗಿಂತ ಹಿರಿಯರೇ ಹೆಚ್ಚು ಉಳಿದಿಲ್ಲವಾದ್ದರಿಂದ ಆ ಕಷ್ಟ ಕಡಿಮೆಯಾಗಿದೆ. "ಟೀಚರಿಗೆ ದೇವರೂ ಬೇಡ, ಆಶೀರ್ವಾದವೂ ಬೇಡ, ಭಾರೀ ಜಂಬ" ಎಂದು ಹೇಳುವವರಿದ್ದಾರೆ. ಹೇಳಲಿ. ಜಂಬವೂ ಸ್ವಲ್ಪ ಉಂಟು, ಇಲ್ಲ ಎನ್ನುವುದಿಲ್ಲ. ಆದರೆ ಈ ತಲೆಯನ್ನು ಒಮ್ಮೆ ದೇವರ ಹತ್ತಿರ ಒತ್ತೆ ಇಟ್ಟಿದ್ದರು. ಇಟ್ಟವಳು ನನ್ನ ಅಮ್ಮ. ಅವಳಿಗೆ ನಾನು ಒಬ್ಬಳೇ ಮಗಳು, ನನ್ನ ಮೇಲೆ ಅವಳಿಗಿದ್ದ ಪ್ರೀತಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅದಕ್ಕೇ ಆ ಒತ್ತೆಗೆ ಅಷ್ಟು ಬೆಲೆ ಬಂತು.

ನಮ್ಮದು ಮೂಡುಬಿದಿರೆಯ ಪೇಟೆಯಲ್ಲಿ ಸಾಲಾಗಿ ನಿಂತಿದ್ದ ಬಾಡಿಗೆ ಮನೆಗಳಲ್ಲಿ ಒಂದು. ಮುಂದೆ ಜಗಲಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಮುಂದಿನ ಬಾಗಿಲಲ್ಲಿ ನಿಂತರೆ ಹಿಂದಿನ ಬಾಗಿಲಾಚೆಯ ಬಾಳೆಗಿಡ ಕಾಣುತ್ತಿತ್ತು. ಅಪ್ಪ ದರ್ಜಿ. ಒಂದು ಜವಳಿ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂರುತ್ತಿದ್ದರು. ನಮ್ಮ ಮನೆಯ ದಿಂಬುಗಳ ಒಳಗೆ ಹತ್ತಿ ಇರಲಿಲ್ಲ, ಊರವರ ರವಿಕೆ, ಚಡ್ಡಿಗಳಿಗೆ ಕತ್ತರಿಸಿ ಉಳಿದ ತುಂಡುಗಳಿದ್ದವು. ನನ್ನ ಲಂಗಗಳೂ ಅಂಥ ತುಂಡುಗಳವೇ. ಅಪ್ಪ ನಗಿಸುವ ಜನ. ಅಮ್ಮ ಗಿರಿಜಾ ನಗುವ ಜನವೇ ಆದರೂ ಸಾಸಿವೆಯ ಹಾಗೆ ಯಾವಾಗ ಸಿಡಿಯುತ್ತಾಳೆಂದು ಹೇಳಲಾಗುತ್ತಿರಲಿಲ್ಲ. ಸಿಡಿದ ಮೇಲೆ ತಣ್ಣಗಾಗಲು ಹೆಚ್ಚು ಹೊತ್ತೂ ಬೇಡ. ಬೇರೆ ಯಾವ ಊರಿನಲ್ಲಿ ಹುಟ್ಟಿದ್ದರೂ ಅಂಥ ಸಿಟ್ಟಿನಿಂದ ಯಾರಿಗೂ ಹಾನಿಯಾಗುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಮ್ಮನ ತವರು ಶಿರ್ತಾಡಿಯಲ್ಲಿ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಬರುತ್ತದೆ. ಹಿರಿಯವಳಾದ ದೊಡ್ಡಮ್ಮ ಗಂಡನೊಂದಿಗೆ ಅಲ್ಲೇ ಉಳಿದು ಅಜ್ಜಿಯನ್ನೂ ಗದ್ದೆಯನ್ನೂ ನೋಡಿಕೊಂಡಳು, ಅಮ್ಮ ಮದುವೆಯಾಗಿ ಪೇಟೆಗೆ ಬಂದಳು. ಮಳೆಗಾಲದ ಆಟಿ ತಿಂಗಳಲ್ಲಿ, ನಾಟಿ ಮುಗಿದು ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಯ ಮುಡಿಗಳು ಕರಗಿಹೋಗುವ ಹೊತ್ತಿನಲ್ಲಿ, ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಕೆಲವು ದಿನ ಇರುವುದು ನಮ್ಮ ಕಡೆಯ ಪದ್ಧತಿ. ಅಮ್ಮ ಹಾಗೆ ನನ್ನನ್ನು ಕರೆದುಕೊಂಡು ಹೋದ ಒಂದು ವರ್ಷ, ನಾನು ಆಗಷ್ಟೇ ಶಾಲೆಗೆ ಸೇರಿದ್ದೆ. ದೊಡ್ಡಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡಿದ್ದಳು. ಬೆಳಗ್ಗಿನಿಂದ ಒದ್ದೆ ಸೌದೆಯ ಹೊಗೆಯಲ್ಲಿ ಕೂತು ಅವಳ ಕಣ್ಣು ಕೆಂಪಾಗಿತ್ತು. ಇದನ್ನು ಅವಳ ಪರವಾಗಿ ಹೇಳಲೇಬೇಕು. ನಾವೆಲ್ಲ ಎಲೆ ಹಾಕಿಕೊಂಡು ಸಾಲಾಗಿ ಕೂತಿದ್ದೆವು. ನಾನು ಇನ್ನೊಂದು ತುಂಡು ಕೇಳಿದೆ, ತಿಂದು ಮತ್ತೆ ಕೇಳಿದೆ. ದೊಡ್ಡಮ್ಮ ಬಡಿಸುತ್ತಲೇ ತಮಾಷೆ ಮಾಡಿದಳು.

"ಎಂತ ಗಿರಿಜಾ, ನಿನ್ನ ಮನೆಯಲ್ಲಿ ಈ ಬಾಲೆಗೆ ಸೂಜಿ-ನೂಲು ತಿನ್ನಿಸುವುದಾ? ಎಷ್ಟು ಹಾಕಿದರೂ ಹೊಟ್ಟೆ ತುಂಬುವುದಿಲ್ಲ!"

ಎಲ್ಲರೂ ನಕ್ಕರು. ಸೂಜಿ ತಿನ್ನುವುದನ್ನು ನೆನೆದು ನಾನೂ ನಕ್ಕೆ. ಅಮ್ಮ ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದಳು. "ಅಯ್ಯೋ, ಎಲೆ ಬಿಟ್ಟು ಏಳಬಾರದು ಮಗಾ" ಎಂದು ಅಜ್ಜಿ ಕೂಗುತ್ತಿದ್ದ ಹಾಗೆಯೇ ಹೊರಗೆ ಕೈ ತೊಳೆದು ಬಂದು ನನ್ನ ರಟ್ಟೆ ಹಿಡಿದು ಚಾವಡಿಗೆ ಎಳೆದಳು. ಚಾವಡಿಯ ಮೂಲೆಯಲ್ಲಿ ಮನೆಯ ದೈವದ ಮಂಚ. ಮಗುವಿನ ತೊಟ್ಟಿಲಿಗಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ಖಡ್ಗ, ಒಂದು ಗಂಟೆ, ಎದುರಿಗೆ ದೀಪ. ಅದರ ಮುಂದೆ ನಿಲ್ಲಿಸಿ ಅಮ್ಮ ನನ್ನ ತಲೆಯ ಮೇಲೆ ಕೈ ಇಟ್ಟಳು. ಕೈ ಒದ್ದೆ ಇತ್ತು, ನೀರು ನನ್ನ ಹಣೆಯಿಂದ ಇಳಿದು ಮೂಗಿನ ತುದಿಗೆ ಬಂತು.

"ಕೇಳು. ಇನ್ನು ನಾನು ಈ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ, ಈ ಮನೆಯ ನೀರು ಒಂದು ಹನಿ ನನ್ನ ಬಾಯಿಗೆ ಹೋದರೆ, ಈ ಮಗು ನಿನಗೆ. ತಕ್ಕೊ."

ಅಷ್ಟೇ. ಯಾರೂ ನಗಲಿಲ್ಲ. ದೊಡ್ಡಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ಅಜ್ಜಿ ಮಾತ್ರ ಗೋಡೆಗೆ ಒರಗಿ ಕೂತು ಒಂದೇ ಸಮ ಹೇಳುತ್ತಿದ್ದಳು:

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಥ ಕೆಲಸ ಮಾಡಿದೆ ಮಗಾ, ಎಂಥ ಕೆಲಸ ಮಾಡಿದೆ!"

ಮೂಡುಬಿದಿರೆಗೆ ಹಿಂದಿರುಗುವ ಬಸ್ಸಿನಲ್ಲೇ ಅಮ್ಮನ ಸಿಟ್ಟು ಇಳಿದಿತ್ತು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಆಣೆಯೂ ಒರೆಸಿದರೆ ಹೋದೀತು ಎಂಬಂತೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಣೆ ಬಿಡಿಸುವ ಕ್ರಮವೂ ನಮ್ಮಲ್ಲಿ ಇಲ್ಲದಿಲ್ಲ. ಜಗಳವಾಡಿದ ಇಬ್ಬರೂ ಆಣೆ ಹಾಕಿದ ದೈವದ ಮುಂದೆಯೇ ನಿಂತು ತಪ್ಪು ಒಪ್ಪಿ ಒಂದೇ ಪಾತ್ರೆಯ ನೀರು ಕುಡಿಯಬೇಕು. ಆದರೆ ದೈವ ಇರುವುದು ಚಾವಡಿಯ ಒಳಗೆ. ಅದರ ಮುಂದೆ ನಿಲ್ಲಬೇಕಾದರೆ ಹೊಸ್ತಿಲು ದಾಟಬೇಕು, ಹೊಸ್ತಿಲು ದಾಟಿದರೆ ಆಣೆ ಮುರಿಯಿತು. ಅಪ್ಪ ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

"ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಒಳಗೇ ಬಿಟ್ಟ ಹಾಗೆ ಮಾಡಿದೆಯಲ್ಲ ಮಾರಾಯ್ತಿ!"

ವರ್ಷಕ್ಕೊಮ್ಮೆ ನೇಮದ ದಿನ ದೈವ ವೇಷ ಕಟ್ಟಿದವನ ಮೈಮೇಲೆ ಬಂದು ಅಂಗಳದಲ್ಲಿ ಮಾತಾಡುತ್ತದೆ, ಆಗ ಕೇಳಬಹುದಿತ್ತು. ಆದರೆ ಊರವರೆಲ್ಲ ನೆರೆದಿರುವಾಗ ಮೊದಲು ಬಾಯಿ ಬಿಡುವವರು ಯಾರು? "ನಾನು ಹೇಳಿದ್ದು ತಮಾಷೆಗೆ, ಆಣೆ ಹಾಕಿದವಳು ಅವಳು" ಎಂದು ದೊಡ್ಡಮ್ಮ. "ಮಗುವಿನ ಬಾಯಿಯ ತುತ್ತಿಗೆ ಹೇಳಿದವಳು ಅವಳು, ಅವಳೇ ಬರಲಿ" ಎಂದು ಅಮ್ಮ. ಒಂದು ನೇಮ ಹೋಯಿತು, ಇನ್ನೊಂದು ಹೋಯಿತು. ಅಕ್ಕತಂಗಿಯರ ಹಟ ಒಂದೇ ಅಚ್ಚಿನದು.

ಹಾಗಾಗಿ ಅಮ್ಮ ತನ್ನ ಅಮ್ಮನನ್ನು ನೋಡುತ್ತಿದ್ದದ್ದು ಶಿರ್ತಾಡಿಯಲ್ಲಿ ಬಸ್ಸು ನಿಲ್ಲುವ ಕಡೆಯ ಮರದ ಕಟ್ಟೆಯಲ್ಲಿ. ನಾವು ಬಸ್ಸಿಳಿಯುವಾಗ ಅಜ್ಜಿ ಮೊದಲೇ ಬಂದು ಕೂತಿರುತ್ತಿದ್ದಳು. ಅಮ್ಮ ಮನೆಯಿಂದಲೇ ಚೊಂಬಿನಲ್ಲಿ ನೀರು ತುಂಬಿಸಿ ಬಾಯಿಗೆ ಬಾಳೆ ಎಲೆ ಕಟ್ಟಿ ತರುತ್ತಿದ್ದಳು. ಇಬ್ಬರೂ ಅದರಲ್ಲೇ ಕುಡಿಯುತ್ತಿದ್ದರು. ಅಜ್ಜಿ ಕಟ್ಟಿಕೊಂಡು ಬಂದ ತಿಂಡಿಯನ್ನು ನಾನು ತಿನ್ನಬಹುದಿತ್ತು, ಅಮ್ಮ ತಿನ್ನುವ ಹಾಗಿರಲಿಲ್ಲ. ಹಿಟ್ಟು ಕಲಸುವಾಗ ಆ ಮನೆಯ ನೀರು ಸೇರಿರುತ್ತದಲ್ಲ! ನಾನು ತಿನ್ನುವುದನ್ನು ಅವರಿಬ್ಬರೂ ಅಕ್ಕಪಕ್ಕ ಕೂತು ನೋಡುತ್ತಿದ್ದರು. ಹೊರಡುವಾಗ ಅಜ್ಜಿ ಪ್ರತಿ ಸಲವೂ ಹೇಳುವುದು ಒಂದೇ ಮಾತು: "ನಾನು ಸಾಯುವ ಮೊದಲು ಒಮ್ಮೆ ಒಳಗೆ ಬಾ ಮಗಾ." ಅಮ್ಮ ನನ್ನ ತಲೆಯನ್ನು ನೋಡುತ್ತಿದ್ದಳು.

ಪಕ್ಕದ ಮನೆಯ ಪದ್ಮಕ್ಕ ಜೈನರು. ಕತ್ತಲಾಗುವ ಮೊದಲೇ ಊಟ ಮುಗಿಸಿ ಜಗಲಿಯಲ್ಲಿ ಕೂತು ಅಮ್ಮನ ಕಷ್ಟ ಕೇಳುತ್ತಿದ್ದರು. ಒಂದು ದಿನ ಸಮಾಧಾನ ಮಾಡಲು ಹೋಗಿ, "ನಮ್ಮಲ್ಲಿ ಹಾಗೆ ಶಿಕ್ಷೆ ಕೊಡುವ ದೇವರು ಇಲ್ಲ ಗಿರಿಜಾ. ನಾವು ಮಾಡಿದ್ದು ನಮ್ಮನ್ನೇ ಹುಡುಕಿಕೊಂಡು ಬರ್ತದೆ, ಅಷ್ಟೇ" ಎಂದರು. ಅಮ್ಮನ ಮುಖ ಇನ್ನೂ ಇಳಿದುಹೋಯಿತು. ದೇವರಾದರೆ ಕಾಲು ಹಿಡಿದು ಬೇಡಬಹುದು, ಅದೂ ಇಲ್ಲವೆಂದರೆ ಯಾರನ್ನು ಬೇಡುವುದು?

ಅಪ್ಪನಿಗೆ ಇದೆಲ್ಲ ಹುಡುಗಾಟ. ಒಂದು ಬೇಸಗೆಯಲ್ಲಿ ಅಜ್ಜಿ ಮಾವಿನ ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿಯನ್ನು ಅಪ್ಪನ ಮೆಷಿನ್ ಹತ್ತಿರ ಕೊಟ್ಟು ಹೋದಳು. ಅಪ್ಪ ಅದನ್ನು ಮನೆಗೆ ತಂದು "ಗಿರಾಕಿ ಕೊಟ್ಟದ್ದು" ಎಂದರು. ಮಧ್ಯಾಹ್ನ ಗಂಜಿಗೆ ಅಮ್ಮ ಒಂದು ಮಿಡಿ ಹಾಕಿಕೊಂಡು ಕಚ್ಚಿದಳು. ತಾನಾಗಿ ಹುಟ್ಟಿದ ಕಾಟು ಮಾವಿನ ಮರಗಳಲ್ಲಿ ಒಂದರ ಪರಿಮಳ ಇನ್ನೊಂದಕ್ಕೆ ಇರುವುದಿಲ್ಲ. ಅಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ಇದು ನಮ್ಮ ಬಾವಿಯ ಹತ್ತಿರದ ಮರದ್ದು."

"ಹೌದು ಮಾರಾಯ್ತಿ, ನಿನ್ನ ಅಮ್ಮ ಕೊಟ್ಟದ್ದು. ಈಗ ಎಂತ ಆಯ್ತು? ಮಾಡು ಬಿತ್ತಾ?" ಎಂದು ಅಪ್ಪ ಮೇಲೆ ಹಂಚಿನ ಕಡೆ ಕೈ ತೋರಿಸಿ ನಕ್ಕರು.

ಅಮ್ಮ ಹಿತ್ತಿಲಿಗೆ ಓಡಿ ಗಂಟಲಿಗೆ ಬೆರಳು ಹಾಕಿದಳು. ಉಪ್ಪಿನಕಾಯಿಯಲ್ಲಿ ಎಲ್ಲಿಯ ನೀರು, ಅದು ಮಿಡಿಯೇ ಬಿಟ್ಟ ನೀರು ಎಂದು ಅಪ್ಪ ಬೆನ್ನು ಸವರುತ್ತಾ ವಾದಿಸಿದರು. ಅಮ್ಮ ಕೇಳಲಿಲ್ಲ. ಖಾರ ಅರೆಯುವಾಗ ಆ ಮನೆಯಲ್ಲಿ ಕುದಿಸಿ ಆರಿಸಿದ ನೀರು ಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು, ಅವಳೇ ಎಷ್ಟೋ ವರ್ಷ ಅರೆದವಳು. ಆ ವಾರವೇ ನನಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಡಾಕ್ಟರು ಟೈಫಾಯ್ಡ್ ಎಂದರು, ಮಾತ್ರೆ ಮಂಗಳೂರಿನಿಂದ ತರಿಸಬೇಕೆಂದರು. ಆ ಬೇಸಗೆ ಪೇಟೆಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಅದೇ ಜ್ವರವಿತ್ತು. ಆದರೆ ಅಮ್ಮನಿಗೆ ಬೇರೆ ಮಕ್ಕಳ ಲೆಕ್ಕ ಯಾಕೆ? ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಅವಳು ಪಿಸುಗುಟ್ಟುತ್ತಿದ್ದದ್ದು ನನಗೆ ಕೇಳುತ್ತಿತ್ತು: "ತಕ್ಕೊಳ್ತಾ ಉಂಟು. ತಕ್ಕೊಳ್ತಾ ಉಂಟು." ನಾನು ಕೇಳಿದೆ.

"ಅಮ್ಮ, ಉಪ್ಪಿನಕಾಯಿ ತಿಂದದ್ದು ನೀನಲ್ವಾ? ಮತ್ತೆ ನನ್ನನ್ನು ಯಾಕೆ ತಕ್ಕೊಳ್ಳುವುದು? ನನ್ನನ್ನು ತಕ್ಕೊಂಡು ಅದು ಎಂತ ಮಾಡ್ತದೆ?"

ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಾಗೆಲ್ಲ ಕೇಳಬಾರದು ವಾರೀ. ಅದಕ್ಕೆ ಕೇಳಿಸ್ತದೆ."

ಜ್ವರ ಇಳಿಯಿತು. ನನ್ನ ಕೂದಲೆಲ್ಲ ಉದುರಿ ತಲೆ ಸಿಪ್ಪೆ ಸುಲಿದ ತೆಂಗಿನಕಾಯಿಯ ಹಾಗಾಯಿತು. ಇಳಿಸಿದ್ದು ಮಂಗಳೂರಿನ ಮಾತ್ರೆ ಎಂದು ನಾನು ಈಗಲೂ ಹೇಳುತ್ತೇನೆ. "ಒಂದು ಸಲಕ್ಕೆ ಬಿಟ್ಟಿತು" ಎಂದಳು ಅಮ್ಮ. ಆಮೇಲೆ ಅವಳು ಯಾರ ಮನೆಯ ಉಪ್ಪಿನಕಾಯಿಯನ್ನೂ ಬಾಯಿಗೆ ಇಡಲಿಲ್ಲ. ಅದಕ್ಕಿಂತ ನನಗೆ ಸಂಕಟವಾದದ್ದು ಅಪ್ಪನನ್ನು ನೋಡಿ. ಯಾವ ದೇವರನ್ನೂ ಹಚ್ಚಿಕೊಳ್ಳದೆ ನಗುತ್ತಾ ಇದ್ದ ಮನುಷ್ಯ ಬೆಳಗ್ಗೆ ಮೆಷಿನ್ ತುಳಿಯುವ ಮೊದಲು ಕಣ್ಣು ಮುಚ್ಚಿ ಕೈಮುಗಿಯಲು ಶುರು ಮಾಡಿದರು. ನಮ್ಮ ಮನೆಯಲ್ಲಿ ತಮಾಷೆ ಕಡಿಮೆಯಾಯಿತು. ಹೆದರಿಸಿ ಕೈಮುಗಿಸಿಕೊಳ್ಳುವ ದೇವರಿಗೆ ಆ ಕೈಯಿಂದ ಏನು ಸಿಗುತ್ತದೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ, ಬೇಸಗೆಯ ಒಂದು ಬೆಳಗ್ಗೆ, ದೊಡ್ಡಪ್ಪ ಸೈಕಲ್ಲಿನಲ್ಲಿ ಬಂದರು. ಅಜ್ಜಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದಿದೆ, ಮಾತು ನಿಲ್ಲುತ್ತಾ ಬಂದಿದೆ, ಗಿರಿಜಾ ಗಿರಿಜಾ ಎನ್ನುತ್ತಿದ್ದಾಳೆ ಎಂದರು. ಅಮ್ಮ ಅಳಲಿಲ್ಲ. ಚೊಂಬನ್ನು ಹುಣಿಸೆಹುಳಿ ಹಾಕಿ ತಿಕ್ಕಿ ತೊಳೆದು ನಮ್ಮ ಬಾವಿಯ ನೀರು ತುಂಬಿಸಿ ಬಾಳೆ ಎಲೆ ಕಟ್ಟಿದಳು. ಬಸ್ಸಿಳಿದು ಗದ್ದೆಯ ಬದುವಿನಲ್ಲಿ ಅವಳು ಎಷ್ಟು ಬೇಗ ನಡೆದಳೆಂದರೆ ನಾನು ಓಡಬೇಕಾಯಿತು. ಅಂಗಳಕ್ಕೆ ಬಂದವಳು ಮೆಟ್ಟಿಲಿನ ಮುಂದೆ ನಿಂತುಬಿಟ್ಟಳು. ಮಧ್ಯಾಹ್ನದ ಬಿಸಿಲು. ಸಗಣಿ ಸಾರಿಸಿದ ಅಂಗಳ ಕಾದು ನನ್ನ ಪಾದ ಸುಡುತ್ತಿತ್ತು.

ದೊಡ್ಡಮ್ಮ ಹೊಸ್ತಿಲಿಗೆ ಬಂದಳು. ಅಷ್ಟು ಜಂಬದ ದೊಡ್ಡಮ್ಮ ಎರಡೂ ಕೈ ಜೋಡಿಸಿದಳು.

"ನನ್ನದು ತಪ್ಪಾಯ್ತು ಗಿರಿಜಾ. ಬಾಯಿ ಜಾರಿತು. ಈಗ ಹೇಳ್ತೇನೆ, ಎಲ್ಲರ ಎದುರು ಹೇಳ್ತೇನೆ, ತಪ್ಪಾಯ್ತು ಮಾರಾಯ್ತಿ. ಒಳಗೆ ಬಾ."

"ನೀನು ಹೇಳಿದೆ ಅಕ್ಕ. ನನಗೆ ನಿನ್ನ ಮೇಲೆ ಎಂಥದ್ದೂ ಇಲ್ಲ. ಆದರೆ ಅದಕ್ಕೆ ಯಾರು ಹೇಳುವುದು?"

ಅದು ಎಂದರೆ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಯನ್ನೇ ಎತ್ತಿ ಹೊರಗೆ ತರಲು ದೊಡ್ಡಪ್ಪ ಹೋದರು. ಮುಟ್ಟಿದ ಕೂಡಲೇ ಅವಳು ಕೂಗಿದ ಕೂಗು ಅಂಗಳಕ್ಕೆ ಕೇಳಿತು. "ಬೇಡ, ಮುಟ್ಟಬೇಡಿ" ಎಂದು ಅಮ್ಮನೇ ಕಿರುಚಿದಳು. ಆಮೇಲೆ ಚೊಂಬನ್ನು ನನ್ನ ಕೈಗೆ ಕೊಟ್ಟಳು.

"ನೀನು ಹೋಗು. ನಾನು ಕೊಟ್ಟದ್ದು ಅಂತ ಹೇಳಿ ಬಾಯಿಗೆ ಬಿಡು."

ಒಳಕೋಣೆಗೆ ಕಿಟಕಿ ಇರಲಿಲ್ಲ. ಬಿಸಿಲಿನಿಂದ ಹೋದ ನನಗೆ ಮೊದಲು ಏನೂ ಕಾಣಲಿಲ್ಲ. ಅಜ್ಜಿ ಚಾಪೆಯ ಮೇಲೆ ಅಷ್ಟು ಸಣ್ಣಗಾಗಿದ್ದಳು. ತುಳಸಿ ಎಲೆಯಲ್ಲಿ ನೀರು ಬಿಟ್ಟೆ. ಸ್ವಲ್ಪ ಒಳಗೆ ಹೋಯಿತು, ಸ್ವಲ್ಪ ಕುತ್ತಿಗೆಗೆ ಇಳಿಯಿತು. ಅವಳು ಕಣ್ಣು ತೆರೆದಳು.

"ಗಿರಿಜಾ?"

"ಅಮ್ಮ ಅಂಗಳದಲ್ಲಿ ನಿಂತಿದ್ದಾಳೆ ಅಜ್ಜಿ. ನೀರು ಅಮ್ಮ ಕೊಟ್ಟದ್ದು."

ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ.

"ಬಿಸಿಲು ಉಂಟಲ್ಲ... ನೆರಳಿಗೆ ನಿಲ್ಲಲಿಕ್ಕೆ ಹೇಳು."

ಹೊರಗೆ ಬರುವಾಗ ಚಾವಡಿಯಲ್ಲಿ ಆ ಮಂಚದ ಮುಂದೆ ನಿಂತೆ. ಅದೇ ಖಡ್ಗ, ಅದೇ ಗಂಟೆ. ಚೊಂಬನ್ನು ಕೆಳಗಿಟ್ಟು ಬಾಯಿ ಬಿಟ್ಟೇ ಹೇಳಿದೆ: "ನಾನು ಇಲ್ಲಿದ್ದೇನೆ. ಬೇಕಾದರೆ ಈಗಲೇ ತಕ್ಕೊ. ಅಮ್ಮನನ್ನು ಒಳಗೆ ಬಿಡು." ಕಣ್ಣು ಮುಚ್ಚಿ ಕಾದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಎಲ್ಲೋ ಒಂದು ಹಲ್ಲಿ ಲೊಚಗುಟ್ಟಿತು. ಕಣ್ಣು ತೆರೆದಾಗ ಮಂಚದ ಮೇಲಿನ ಬಟ್ಟೆಗೆ ಧೂಳು ಕೂತದ್ದು ಕಾಣಿಸಿತು. ನನ್ನನ್ನು ಕೊಲ್ಲಲು ಅಲ್ಲಿ ಯಾರೂ ಕಾದು ಕೂತಿರಲಿಲ್ಲ. ಆ ದೈವದ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಪಾಪ, ಅದು ನನ್ನನ್ನು ಕೇಳಿರಲೇ ಇಲ್ಲ, ನಾವೇ ಕೊಟ್ಟು ನಾವೇ ಹೆದರಿದ್ದು. ಓಡಿ ಅಂಗಳಕ್ಕೆ ಬಂದೆ.

"ಅಮ್ಮ, ನಾನು ಕೇಳಿ ಬಂದೆ. ಅದಕ್ಕೆ ನಾನು ಬೇಡ. ಎಂಥದ್ದೂ ಆಗುವುದಿಲ್ಲ, ಬಾ ಅಮ್ಮ, ಬೇಗ ಬಾ!"

ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಅದಕ್ಕಿಂತ ಮೊದಲು ಅವಳು ನನಗೆ ಹೊಡೆದವಳಲ್ಲ. ಹೊಡೆದ ಕೈಯಿಂದಲೇ ನನ್ನನ್ನು ಎಳೆದು ಎದೆಗೆ ಒತ್ತಿಕೊಂಡಳು. ಅವಳ ಒಂದು ಕಾಲು ಮೆಟ್ಟಿಲ ಮೇಲೆ ಇತ್ತು. ಅದು ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ನಾವು ಹಾಗೆ ನಿಂತಿರುವಾಗಲೇ ಒಳಗಿನಿಂದ ದೊಡ್ಡಮ್ಮನ ಅಳು ಕೇಳಿತು. ಅಮ್ಮ ಕಾಲನ್ನು ಮೆಟ್ಟಿಲಿನಿಂದ ಕೆಳಗಿಟ್ಟಳು. ನೆರಳಿಗೆ ನಿಲ್ಲಬೇಕೆಂಬ ಮಾತನ್ನು ನಾನು ಹೇಳಿದ್ದು ಆಮೇಲೆ. ಅದನ್ನು ಕೇಳಿ ಅವಳು ಅಂಗಳದಲ್ಲೇ ಕುಸಿದಳು.

ಆಮೇಲೆ ದೊಡ್ಡಮ್ಮ ನಮ್ಮ ಮನೆಗೆ ಬಂದು ಹೋಗಿ ಮಾಡತೊಡಗಿದಳು. ಅವಳು ನಮ್ಮ ನೀರು ಕುಡಿಯಲು ಅಡ್ಡಿ ಇರಲಿಲ್ಲವಲ್ಲ. "ಈ ಸಲದ ನೇಮಕ್ಕೆ ಬಾ, ಇಬ್ಬರೂ ಒಟ್ಟಿಗೆ ಕೇಳುವ" ಎಂದು ಪ್ರತಿ ವರ್ಷ ಕರೆಯುತ್ತಿದ್ದಳು. "ಇನ್ನು ಯಾರಿಗೋಸ್ಕರ ಅಕ್ಕ?" ಎನ್ನುತ್ತಿದ್ದಳು ಅಮ್ಮ. ನಾನು ದೀಪಕ್ಕೆ ಕೈಮುಗಿಯುವುದನ್ನು ಬಿಟ್ಟೆ. ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಎಂದಾದರೂ ಕೇಳಿದರೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟಿದ್ದೆ. ಮಗುವನ್ನು ಒತ್ತೆ ಇಟ್ಟುಕೊಳ್ಳುವವನು ದೇವರಲ್ಲ. ನೀನು ಸುಮ್ಮನೆ ಹೆದರಿದೆ. ಒಳಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ನನಗೆ ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದ ಮರುವರ್ಷ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಇನ್ನೇನೂ ಮಾಡುವ ಹಾಗಿಲ್ಲವೆಂದು ಡಾಕ್ಟರು ಹೇಳಿ ಕಳುಹಿಸಿದ್ದರು. ರಜೆ ಹಾಕಿ ಬಂದು ಅವಳ ಹತ್ತಿರ ಕೂತಿದ್ದೆ. ಹಿಂದಿನ ಬಾಗಿಲಿನಿಂದ ಬೆಳಗಿನ ಬಿಸಿಲು ಚಾಪೆಯವರೆಗೆ ಬಂದಿತ್ತು. ಅಮ್ಮ ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು.

"ವಾರೀ, ನೀನು ಓದಿದವಳು. ಮಕ್ಕಳಿಗೆ ಹೇಳಿಕೊಡುವವಳು. ನಿಜ ಹೇಳು. ಅವತ್ತು ನಾನು ಒಳಗೆ ಹೋಗಿದ್ದರೆ ನಿನಗೆ ಏನಾದರೂ ಆಗ್ತಿತ್ತಾ?"

ಇಷ್ಟು ವರ್ಷ ಕಾದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಮುಖ ನೋಡಿದೆ. ಏನೂ ಆಗುತ್ತಿರಲಿಲ್ಲ ಎಂದರೆ, ಅವಳ ಅಮ್ಮ ಕರೆಯುತ್ತಾ ಸತ್ತದ್ದು ಸುಮ್ಮನೆ. ಅವಳು ಬಿಸಿಲಿನಲ್ಲಿ ನಿಂತದ್ದು ಸುಮ್ಮನೆ. ಆ ಮೆಟ್ಟಿಲ ಮೇಲಿನ ಕಾಲನ್ನು ಅವಳು ನನ್ನ ಜೀವಕ್ಕಾಗಿ ತಡೆದು ಹಿಡಿದದ್ದು. ಅದೊಂದೇ ಅವಳ ಹತ್ತಿರ ಉಳಿದದ್ದು, ಅದನ್ನೂ ನಾನು 'ಮೂಢನಂಬಿಕೆ' ಎಂದು ಕಿತ್ತುಕೊಂಡು ಕಳುಹಿಸುವುದೇ?

"ಆಗ್ತಿತ್ತಮ್ಮ" ಎಂದೆ. "ನಾನು ಉಳಿಯುತ್ತಿರಲಿಲ್ಲ. ನೀನು ಒಳಗೆ ಹೋಗಲಿಲ್ಲ, ಅದಕ್ಕೆ ನಾನು ಇದ್ದೇನೆ."

ಅಮ್ಮ ದೊಡ್ಡ ಉಸಿರು ಬಿಟ್ಟಳು.

"ಹಾಗಾದರೆ ಸರಿ."

ಚಾಪೆಯ ಮೇಲಿದ್ದ ಕೈಯನ್ನು ಕಷ್ಟಪಟ್ಟು ಎತ್ತಿದಳು. ಏನು ಬೇಕೆಂದು ತಿಳಿದು ನಾನು ಬಗ್ಗಿದೆ. ಆ ಕೈ ನನ್ನ ತಲೆಯ ಮೇಲೆ ಬಂದು ಕೂತಿತು. ಒಣಗಿ ಹಗುರವಾಗಿತ್ತು. ಅವಳಿಗೆ ನಿದ್ದೆ ಹತ್ತುವವರೆಗೂ ನಾನು ತಲೆ ಎತ್ತಲಿಲ್ಲ.